ಪಿಸಿಎಂ ಆದಮೇಲೆ ಬಿ ಹಾಕಬೇಕಾ, ಸಿ ಹಾಕಬೇಕಾ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಎರಡು ಮೂರು ದಿನಕ್ಕೆ ನನ್ನ ಫೋನ್ ಶುರುವಾಗುತ್ತದೆ. ನೆಂಟರು, ಹಳೇ ಬೀದಿಯವರು, ನೆಂಟರ ನೆಂಟರು. ನಾನೇನು ಕೌನ್ಸೆಲರ್ ಅಲ್ಲ. ಒಂದು ಕಾಲದಲ್ಲಿ ಕನ್ನಡ ಮಾಧ್ಯಮದಿಂದ ಪಿಯು ಸೈನ್ಸಿಗೆ ಹೋಗಿ ಒದ್ದಾಡಿದವನು, ಅಷ್ಟೆ. ಆದರೂ ಕೇಳುತ್ತಾರೆ. ಈ ಸಲ ದೊಡ್ಡಮ್ಮನ ಮಗಳು ಫೋನ್ ಮಾಡಿದ್ದಳು.

"ನೋಡೋ, ಇವಳಿಗೆ 540 ಬಂದಿದೆ. ಪಿಸಿಎಂಬಿ ಕೊಡಿಸೋದಾ, ಪಿಸಿಎಂಸಿ ಕೊಡಿಸೋದಾ?"

"ಅವಳು ಏನಂತಾಳೆ ಅಕ್ಕ?"

"ಅವಳದ್ದೇನು, ಫ್ರೆಂಡ್ಸ್ ಎಲ್ಲಿ ಹೋಗ್ತಾರೋ ಅಲ್ಲಿ. ನೀನು ಹೇಳು."

ಮೇ ತಿಂಗಳಲ್ಲಿ ಕರ್ನಾಟಕದ ಸಾವಿರಾರು ಮನೆಗಳಲ್ಲಿ ಇದೇ ಮಾತು ನಡೆಯುತ್ತದೆ. ಪಿ, ಸಿ, ಎಂ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಹೇಗಿದ್ದರೂ ಇದ್ದೇ ಇವೆ. ಜಗಳ ಎಲ್ಲ ನಾಲ್ಕನೇ ಅಕ್ಷರದ ಮೇಲೆ. ಬಿ ಅಂದರೆ ಬಯಾಲಜಿ, ಅಂದರೆ ಜೀವಶಾಸ್ತ್ರ. ಕೊನೆಯ ಸಿ ಅಂದರೆ ಕಂಪ್ಯೂಟರ್ ಸೈನ್ಸ್. ಬಿ ಹಾಕಿದರೆ ಡಾಕ್ಟರು, ಸಿ ಹಾಕಿದರೆ ಸಾಫ್ಟ್‌ವೇರು ಅಂತ ಮನೆಯವರು ಆಗಲೇ ತೀರ್ಮಾನ ಮಾಡಿಕೊಂಡಿರುತ್ತಾರೆ. ನನಗೆ ಅನ್ನಿಸುವುದು ಬೇರೆ. ಈ ನಾಲ್ಕನೇ ಅಕ್ಷರಕ್ಕೆ ನಾವು ಕೊಡುವ ತೂಕ ಜಾಸ್ತಿಯಾಯಿತು. ಮಕ್ಕಳು ಎಡವುವುದು ಮೊದಲ ಮೂರರಲ್ಲಿ.

ಮೊದಲು ಈ ನಾಲ್ಕನೇ ಅಕ್ಷರದ ಲೆಕ್ಕವನ್ನೇ ಮುಗಿಸಿಬಿಡೋಣ.

ಪಿಯುನಲ್ಲಿ ಒಟ್ಟು ಆರು ವಿಷಯ, ತಲಾ 100 ಅಂಕ, ಒಟ್ಟು 600. ಅದರಲ್ಲಿ ಎರಡು ಭಾಷೆ, ಉಳಿದ ನಾಲ್ಕು ಐಚ್ಛಿಕ ವಿಷಯ. ಸೈನ್ಸ್ ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆಗೆ ಜೀವಶಾಸ್ತ್ರ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಸಂಖ್ಯಾಶಾಸ್ತ್ರಗಳಲ್ಲಿ ಯಾವುದಾದರೂ ಒಂದು. ಭೂಗರ್ಭಶಾಸ್ತ್ರವೂ ಇಲಾಖೆಯ ಪಟ್ಟಿಯಲ್ಲಿದೆ. ಪಟ್ಟಿ ನೋಡಿದರೆ ಹೋಟೆಲಿನ ಮೆನು ಥರ ಉದ್ದವಾಗಿದೆ. ಒಳಗೆ ಹೋಗಿ ಕೇಳಿದರೆ ಇಡ್ಲಿ, ವಡೆ ಎರಡೇ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಪಿಸಿಎಂಬಿ. ಅದೃಷ್ಟ ಇದ್ದರೆ ಪಿಸಿಎಂಸಿ ಕೂಡ. ಕಾರಣ ಸರಳ. ಒಂದು ಕಾಂಬಿನೇಷನ್ ನಡೆಯಬೇಕಾದರೆ ಅದಕ್ಕೊಬ್ಬ ಉಪನ್ಯಾಸಕರ ಹುದ್ದೆ ಬೇಕು, ಲ್ಯಾಬ್ ಬೇಕು, ಸೇರುವ ಮಕ್ಕಳು ಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಅಕ್ಷರ ಬೋರ್ಡಿನಿಂದ ಅಳಿಸಿಹೋಗುತ್ತದೆ. ಹಾಗಾಗಿ ಊರಿನ ಹುಡುಗಿ ಪಿಸಿಎಂಬಿ ತಗೊಂಡಳು ಅಂದರೆ, ಅರ್ಧಕ್ಕರ್ಧ ಸಲ ಆ ಆಯ್ಕೆ ಅವಳದ್ದಲ್ಲ. ಕಾಲೇಜಿನ ಸ್ಟಾಫ್ ರೂಮಿನದ್ದು.

ಸರಿ, ಎರಡೂ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಆಗ?

ಜನ ತಪ್ಪು ತಿಳಿದುಕೊಂಡಿರುವುದು ಇಲ್ಲೇ. ಎಂಜಿನಿಯರಿಂಗ್ ಸೇರಲು ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯದಾಗಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಸಾಕು. ಈ ಮೂರು ಸೇರಿ ಸಾಮಾನ್ಯ ವರ್ಗಕ್ಕೆ ಶೇ. 45, ಮೀಸಲು ವರ್ಗಗಳಿಗೆ ಶೇ. 40 ಬಂದಿರಬೇಕು. ಅಂದರೆ ಪಿಯುನಲ್ಲಿ ಕಂಪ್ಯೂಟರ್ ಮುಟ್ಟದವನೂ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದಬಹುದು. ಓದುತ್ತಿದ್ದಾರೆ ಕೂಡ. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಅನ್ನುವ ಪ್ರಶ್ನೆಪತ್ರಿಕೆಯೇ ಇಲ್ಲ. ಇರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ತಲಾ 60 ಪ್ರಶ್ನೆ, 80 ನಿಮಿಷ. ಇನ್ನು ಬಿಸಿಎ ಮಾಡಬೇಕು ಅಂದರೆ ಕಾಮರ್ಸ್ ಓದಿದ ಮಕ್ಕಳೇ ಹೋಗಿ ಸೇರುತ್ತಾರೆ. ಹಾಗಿದ್ದ ಮೇಲೆ 'ಸಾಫ್ಟ್‌ವೇರ್‌ಗೆ ಪಿಸಿಎಂಸಿ ಬೇಕೇ ಬೇಕು' ಅನ್ನುವ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ.

ಹಾಗಂತ ಪಿಸಿಎಂಸಿ ವೇಸ್ಟ್ ಅಲ್ಲ. ಹಿಂದೆ ಪಿಯು ಕಂಪ್ಯೂಟರ್ ಸೈನ್ಸ್ ಅಂದರೆ ಸಿ++ ಪ್ರೋಗ್ರಾಂಗಳನ್ನು ಉರು ಹೊಡೆದು ಬರೆಯುವುದಾಗಿತ್ತು. ಈಗ ಪೈಥಾನ್ ಬಂದಿದೆ. ಹದಿನಾರನೇ ವಯಸ್ಸಿಗೆ ಒಂದು ಪ್ರೋಗ್ರಾಂ ತಾನೇ ಬರೆದು, ತಪ್ಪು ಹುಡುಕಿ, ಸರಿ ಮಾಡುವುದು ಒಳ್ಳೆಯ ಅಭ್ಯಾಸ. ಎಂಜಿನಿಯರಿಂಗೇ ಗುರಿ, ರಕ್ತ ಕಂಡರೆ ಆಗಲ್ಲ, ಜೀವಶಾಸ್ತ್ರದ ಹೆಸರುಗಳನ್ನು ಬಾಯಿಪಾಠ ಮಾಡಲು ಬೇಜಾರು ಅನ್ನುವವರಿಗೆ ಇದು ಹಗುರ. ಆ ಹಗುರವೇ ಅದರ ದೊಡ್ಡ ಲಾಭ. ಉಳಿದ ಸಮಯ ಗಣಿತಕ್ಕೆ ಸಿಗುತ್ತದೆ.

ಜೀವಶಾಸ್ತ್ರದ ಕಥೆ ಹಾಗಲ್ಲ. ಅದು ನಿಜವಾಗಿಯೂ ಒಂದು ಬಾಗಿಲು. ಎಂಬಿಬಿಎಸ್, ದಂತವೈದ್ಯ, ಆಯುರ್ವೇದ, ಪಶುವೈದ್ಯ, ಕೃಷಿ ಬಿಎಸ್‌ಸಿ, ನರ್ಸಿಂಗ್ ಎಲ್ಲದಕ್ಕೂ ಅದು ಬೇಕು. ನೀಟ್‌ನ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದ್ದು. 720 ಅಂಕಗಳಲ್ಲಿ 360. ಗಣಿತ ಸೊನ್ನೆ. ಕೃಷಿ ಬಿಎಸ್‌ಸಿ ವಿಷಯ ಮನೆಗಳಲ್ಲಿ ಕಡಿಮೆ ಚರ್ಚೆಯಾಗುತ್ತದೆ. ಅದರಲ್ಲಿ ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ. ಅದಕ್ಕಾಗಿ ಒಂದು ಪ್ರಾಯೋಗಿಕ ಪರೀಕ್ಷೆಯನ್ನೂ ಮಾಡುತ್ತಾರೆ. ಬೀಜ, ಕಳೆ, ಉಪಕರಣ ಗುರುತಿಸಬೇಕು. ಹೊಲದಲ್ಲಿ ಬೆಳೆದ ಹುಡುಗ ಪಟ್ಟಣದವನಿಗಿಂತ ಮುಂದೆ ಇರುವ ಪರೀಕ್ಷೆ ಅಂದರೆ ಬಹುಶಃ ಇದೊಂದೇ. ಪಿಸಿಎಂಸಿ ತಗೊಂಡ ರೈತನ ಮಗ ಈ ಬಾಗಿಲನ್ನು ತಾನೇ ಹಾಕಿಕೊಂಡ ಹಾಗೆ.

ವೈದ್ಯಕೀಯದ ಬಾಗಿಲನ್ನು ಮಾತ್ರ ಪೂರ್ತಿ ಹಾಕಿಕೊಂಡ ಹಾಗೆ ಅಂತ ಹೇಳಲಾಗದು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಸಡಿಲಿಸಿತು. ಹನ್ನೆರಡನೇ ತರಗತಿ ಮುಗಿಸಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದು ಅಂತ. ಆದರೆ ಎರಡು ವರ್ಷ ಓದದ ವಿಷಯವನ್ನು ಆಮೇಲೆ ಒಬ್ಬನೇ ಕೂತು ಓದಿ ನೀಟ್ ಮಟ್ಟಕ್ಕೆ ಬರುವುದು ಎಷ್ಟು ಜನರ ಕೈಲಾಗುತ್ತದೆ? ದಾರಿ ಇದೆ, ಕಡಿದು.

ಇದಕ್ಕೇ ಮಧ್ಯಮ ವರ್ಗದ ಅಪ್ಪ ಅಮ್ಮ ಪಿಸಿಎಂಬಿಯನ್ನು ಎಲ್‌ಐಸಿ ಪಾಲಿಸಿ ಥರ ನೋಡುತ್ತಾರೆ. ಯಾವುದಕ್ಕೂ ಇರಲಿ, ಎರಡೂ ಬಾಗಿಲು ತೆರೆದಿರಲಿ ಅಂತ. ತಪ್ಪೇನಿಲ್ಲ. ಆದರೆ ಪಾಲಿಸಿಗೆ ಪ್ರೀಮಿಯಂ ಕಟ್ಟುವವರು ಮಕ್ಕಳು. ನೀಟ್‌ಗೆ ಬೇಡದ ಗಣಿತ, ಜೆಇಇಗೆ ಬೇಡದ ಜೀವಶಾಸ್ತ್ರ, ಎರಡನ್ನೂ ಹೊತ್ತು ಎರಡು ವರ್ಷ ನಡೆಯಬೇಕು. ಸಿಬಿಎಸ್‌ಇ ಶಾಲೆಗಳಲ್ಲಿ ಗಣಿತ ಬಿಟ್ಟು ಜೀವಶಾಸ್ತ್ರ ಮಾತ್ರ ಇಟ್ಟುಕೊಳ್ಳುವ ಮಕ್ಕಳು ಇದ್ದಾರೆ. ನಮ್ಮ ಪಿಯುನಲ್ಲಿ ಅದು ಅಪರೂಪ. ಡಾಕ್ಟರೇ ಆಗಬೇಕು ಅನ್ನುವ ಹುಡುಗಿಯೂ ಇಂಟಿಗ್ರೇಷನ್ ಮಾಡಲೇಬೇಕು. ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದರಲ್ಲಿ ನನಗೆ ಎರಡು ಮನಸ್ಸು. ಯಾಕೆಂದರೆ ನಾಲ್ಕೂ ಓದಿದವರಿಗೆ ಮಾತ್ರ ಸಲೀಸಾಗುವ ಇನ್ನೊಂದು ದಾರಿ ಇದೆ, ಅದರ ಹೆಸರು ಹಳ್ಳಿ ಕಡೆ ಯಾರೂ ಎತ್ತುವುದಿಲ್ಲ. ವಿಜ್ಞಾನವನ್ನೇ ಓದುವ ದಾರಿ. ಐಸರ್ ಅಂತ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆಗಳಿವೆ. ಅವುಗಳ ಪ್ರವೇಶ ಪರೀಕ್ಷೆಯಲ್ಲಿ 60 ಪ್ರಶ್ನೆ. ನಾಲ್ಕು ವಿಷಯಕ್ಕೆ ತಲಾ 15. ಪಿಸಿಎಂಬಿ ಹುಡುಗಿಗೆ ಹೇಳಿ ಮಾಡಿಸಿದ ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದಲೇ ಪಿಯು ಮುಗಿಸಿದವರಿಗೆ ಪದವಿ ತರಗತಿ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಜ್ಞಾನ ಪದವಿಯ ಜೊತೆಗೇ ಬಿಎಡ್ ಕೂಡ ಮುಗಿಯುತ್ತದೆ. ಒಳ್ಳೆಯ ವಿಜ್ಞಾನ ಮೇಷ್ಟ್ರು ಬೇಕು ಅಂತ ಗೊಣಗುವ ನಾವು, ನಮ್ಮ ಮಗಳು ಮೇಷ್ಟ್ರಾಗಲಿ ಅಂತ ಆ ಅರ್ಜಿ ತುಂಬಿಸಿದ್ದೇವಾ?

ಎಲೆಕ್ಟ್ರಾನಿಕ್ಸ್, ಸಂಖ್ಯಾಶಾಸ್ತ್ರದ ಬಗ್ಗೆ ಎರಡು ಮಾತು ಸಾಕು. ಎಲೆಕ್ಟ್ರಾನಿಕ್ಸ್ ಒಳ್ಳೆಯ ವಿಷಯ. ಆದರೆ ಅದಿಲ್ಲದೆಯೂ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆಗಬಹುದು ಅಂತ ಗೊತ್ತಾದ ಮೇಲೆ ಕೇಳುವವರು ಕಡಿಮೆ. ಸಂಖ್ಯಾಶಾಸ್ತ್ರಕ್ಕೆ ಮುಂದೆ ಕೆಲಸ ಇದೆ, ಡೇಟಾ ಕಾಲ ಇದು. ಆದರೆ ಇಲ್ಲೂ ಬಾಗಿಲಿನ ಪ್ರಶ್ನೆ ಏಳುವುದಿಲ್ಲ. ಭಾರತೀಯ ಸಾಂಖ್ಯಿಕ ಸಂಸ್ಥೆ ಕೂಡ ಪದವಿಗೆ ಸೇರಿಸಿಕೊಳ್ಳುವಾಗ ಕೇಳುವುದು ಗಣಿತ ಮತ್ತು ಇಂಗ್ಲಿಷ್. ಪಿಯು ಸಂಖ್ಯಾಶಾಸ್ತ್ರ ಅಲ್ಲ.

ನಾಲ್ಕನೇ ಅಕ್ಷರದ ಲೆಕ್ಕ ಇಷ್ಟೆ. ಜೀವಶಾಸ್ತ್ರ ಬೇಕಾ ಬೇಡವಾ ಅನ್ನುವುದೊಂದೇ ನಿಜವಾದ ಪ್ರಶ್ನೆ.

ಈಗ ಆ ಮೊದಲ ಮೂರು ಅಕ್ಷರ.

ಹತ್ತನೇ ತರಗತಿಯಲ್ಲಿ ವಿಜ್ಞಾನ ಅಂದರೆ ಒಂದು ವಿಷಯ, ನೂರು ಅಂಕ. 80 ಲಿಖಿತ, 20 ಆಂತರಿಕ. ಬೆಳಕು, ವಿದ್ಯುತ್, ಆಮ್ಲ, ಅನುವಂಶೀಯತೆ ಎಲ್ಲ ಅಕ್ಕಪಕ್ಕ. ಆದರೆ ಅಕ್ಷರಗಳ ವಿಂಗಡಣೆ ಅಲ್ಲೇ ಶುರುವಾಗಿರುತ್ತದೆ, ಮಕ್ಕಳಲ್ಲಲ್ಲ, ಮೇಷ್ಟ್ರುಗಳಲ್ಲಿ. ಸರ್ಕಾರಿ ಹೈಸ್ಕೂಲಿನಲ್ಲಿ ಯಾರನ್ನಾದರೂ ಕೇಳಿ. 'ಪಿಸಿಎಂ ಮೇಷ್ಟ್ರು', 'ಸಿಬಿಝಡ್ ಮೇಡಂ' ಅಂತಲೇ ಕರೆಯುತ್ತಾರೆ. ಪಿಸಿಎಂ ಹುದ್ದೆಯವರು ಗಣಿತ, ಭೌತಶಾಸ್ತ್ರದ ಕಡೆಯವರು. ಸಿಬಿಝಡ್ ಹುದ್ದೆಯವರು ರಸಾಯನಶಾಸ್ತ್ರ, ಜೀವಶಾಸ್ತ್ರದ ಕಡೆಯವರು. ಇಬ್ಬರೂ ಇರುವ ಶಾಲೆ ಪುಣ್ಯವಂತರದ್ದು. ಒಬ್ಬರು ವರ್ಗವಾಗಿ ಹೋದರೆ ಇನ್ನೊಬ್ಬರ ಹೆಗಲಿಗೆ ಇಡೀ ಪುಸ್ತಕ. ಆಗ ಏನಾಗುತ್ತದೆ? ಸಸ್ಯಶಾಸ್ತ್ರ ಓದಿ ಬಂದ ಮೇಡಂ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಪಾಠ ಮಾಡುತ್ತಾರೆ. ಪಾಪ, ಶ್ರದ್ಧೆಯಿಂದಲೇ ಮಾಡುತ್ತಾರೆ. ಆದರೆ ಪ್ರಶ್ನೋತ್ತರ ಬರೆಸಿ ಮುಂದೆ ಹೋಗುತ್ತಾರೆ. ಮೂರು ವರ್ಷ ಹಾಗೆ ಕಲಿತ ಹುಡುಗಿಗೆ 'ನಿನಗೆ ಭೌತಶಾಸ್ತ್ರ ಇಷ್ಟವಾ?' ಅಂತ ಕೇಳಿದರೆ ಅವಳಾದರೂ ಏನು ಹೇಳಬೇಕು? ಅವಳಿಗೆ ಗೊತ್ತಿರುವುದು ಮೇಷ್ಟ್ರು ಇಷ್ಟವೋ ಇಲ್ಲವೋ ಅನ್ನುವುದು ಮಾತ್ರ.

ಜೂನ್‌ನಲ್ಲಿ ಅದೇ ಹುಡುಗಿ ಫಸ್ಟ್ ಪಿಯುಗೆ ಬಂದು ಕೂರುತ್ತಾಳೆ. ಒಂದು ಪುಸ್ತಕವಿದ್ದದ್ದು ನಾಲ್ಕಾಗಿದೆ. ಕೆಲವಕ್ಕೆ ಎರಡೆರಡು ಭಾಗ. 2012ರಲ್ಲಿ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯಕ್ರಮ ಬಂದಮೇಲೆ ಮಟ್ಟವೂ ಏರಿದೆ. ಭೌತಶಾಸ್ತ್ರದ ಉಪನ್ಯಾಸಕರು ಮೊದಲ ತಿಂಗಳಲ್ಲೇ ಸರಳ ರೇಖೆಯ ಮೇಲಿನ ಚಲನೆ ಶುರು ಮಾಡುತ್ತಾರೆ. ತತ್‌ಕ್ಷಣದ ವೇಗ ಅಂದರೆ ಸ್ಥಾನದ ಡಿರೈವೇಟಿವ್ ಅನ್ನುತ್ತಾರೆ. ಬೋರ್ಡಿನ ಮೇಲೆ ಡಿಎಕ್ಸ್ ಬೈ ಡಿಟಿ ಬೀಳುತ್ತದೆ. ಪಕ್ಕದ ಪೀರಿಯಡ್‌ನ ಗಣಿತದಲ್ಲಿ ಆಗ ನಡೆಯುತ್ತಿರುವುದು ಗಣಗಳ ಪಾಠ. ಲಿಮಿಟ್ಸ್ ಮತ್ತು ಡಿರೈವೇಟಿವ್ಸ್ ಇರುವುದು ಗಣಿತ ಪುಸ್ತಕದ ಕೊನೆಕೊನೆಗೆ. ಜನವರಿ ಹೊತ್ತಿಗೆ ಬಂದರೆ ಬಂತು. ಅಂದರೆ ಭೌತಶಾಸ್ತ್ರ ಜೂನ್‌ನಲ್ಲಿ ಕೇಳುವ ಆಯುಧವನ್ನು ಗಣಿತ ಆರು ತಿಂಗಳ ನಂತರ ಕೊಡುತ್ತದೆ. ಒಳ್ಳೆಯ ಉಪನ್ಯಾಸಕರು ಮೊದಲ ಒಂದು ವಾರ ಇದಕ್ಕೇ ಎತ್ತಿಡುತ್ತಾರೆ. ಎಲ್ಲರೂ ಹಾಗೆ ಮಾಡುವುದಿಲ್ಲ. ಫಸ್ಟ್ ಪಿಯು ಕಿರುಪರೀಕ್ಷೆಯಲ್ಲಿ 540ರ ಹುಡುಗಿಗೆ ಭೌತಶಾಸ್ತ್ರದಲ್ಲಿ ಎಂಟೋ ಒಂಬತ್ತೋ ಬಂದರೆ ಮನೆಯವರು ಗಾಬರಿಯಾಗುತ್ತಾರೆ. ಬುದ್ಧಿ ಬೇಸಿಗೆ ರಜೆಯಲ್ಲಿ ಕರಗಿಹೋಯಿತಾ ಅಂತ.

ಇದರ ಮೇಲೆ ಭಾಷೆ. ಇದು ನನ್ನ ಹಳೇ ಗಾಯ, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನಾನು ಕಲಿತದ್ದು ಜವ, ವೇಗ, ವೇಗೋತ್ಕರ್ಷ, ಸಂವೇಗ, ದ್ರವ್ಯರಾಶಿ. ವಿಭವಾಂತರ, ರೋಧ. ಪೀನ ಮಸೂರ, ನಿಮ್ನ ಮಸೂರ. ದ್ಯುತಿಸಂಶ್ಲೇಷಣೆ. ಈ ಪದಗಳು ಕಷ್ಟ ಅಂತ ಹೇಳುವವರುಂಟು. ನನಗೆ ಕಷ್ಟ ಅನ್ನಿಸಲಿಲ್ಲ. ಜವಕ್ಕೆ ದಿಕ್ಕಿಲ್ಲ, ವೇಗಕ್ಕೆ ದಿಕ್ಕಿದೆ ಅಂತ ಮೇಷ್ಟ್ರು ಒಂದೇ ಸಲ ಹೇಳಿದ್ದು ಇವತ್ತಿಗೂ ನೆನಪಿದೆ. ಪಿಯು ಮೊದಲ ದಿನ ಉಪನ್ಯಾಸಕರು ಒಂದೇ ಉಸಿರಿಗೆ ಸ್ಪೀಡು, ವೆಲಾಸಿಟಿ, ಆಕ್ಸಿಲರೇಶನ್, ಮೊಮೆಂಟಮ್ ಅಂದರು. ನನಗೆ ಗೊತ್ತಿದ್ದ ನಾಲ್ಕು ಸಂಗತಿಗಳನ್ನೇ ಅವರು ಹೇಳುತ್ತಿದ್ದದ್ದು. ಅದು ನನಗೆ ಗೊತ್ತಾಗಲು ಆಗಸ್ಟ್ ಬಂತು. ಆ ಎರಡು ತಿಂಗಳು ನಾನು ದಡ್ಡ ಅಂತ ನಾನೇ ನಂಬಿದ್ದೆ. ಪಕ್ಕದ ಬೆಂಚಿನ ಕಾನ್ವೆಂಟ್ ಹುಡುಗನೂ ಹಾಗೇ ನಂಬಿದ್ದ.

ಇಲ್ಲಿ ಸರ್ಕಾರದ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಮಾಷೆಯಾಗಿದೆ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 5 ಮೀಸಲು. ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇ. 15. ನೀಟ್ ಅನ್ನು 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಒಂದು. ಅಂದರೆ ಹತ್ತರವರೆಗೆ ಕನ್ನಡ ಇದೆ, ಹನ್ನೆರಡು ಮುಗಿದ ಮೇಲೆ ಕನ್ನಡಕ್ಕೆ ಸೀಟೂ ಇದೆ, ಪ್ರಶ್ನೆಪತ್ರಿಕೆಯೂ ಇದೆ. ನಡುವಿನ ಎರಡು ವರ್ಷ ಮಾತ್ರ ಪಾಠ ಇಂಗ್ಲಿಷಿನಲ್ಲಿ. ಎರಡು ದಡದಲ್ಲೂ ಸೋಪಾನ ಕಟ್ಟಿದ್ದಾರೆ, ಸೇತುವೆ ಇಲ್ಲ. ಈಜು ಬಂದವನು ದಾಟುತ್ತಾನೆ. ಇಂಗ್ಲಿಷಿನಲ್ಲಿ ಎರಡು ವರ್ಷ ಓದಿದವನು ನೀಟ್ ಅನ್ನು ಕನ್ನಡದಲ್ಲಿ ಯಾಕೆ ಬರೆಯುತ್ತಾನೆ ಹೇಳಿ?

ಇದಕ್ಕೆ ದೊಡ್ಡ ಯೋಜನೆ ಏನೂ ಬೇಕಿಲ್ಲ. ಜೂನ್‌ನ ಮೊದಲ ಮೂರು ವಾರ ಎರಡೂ ಭಾಷೆಯ ಪದಗಳನ್ನು ಜೋಡಿಸಿ ಹೇಳಿಕೊಡುವ ಒಂದು ತರಗತಿ. ಅಷ್ಟೆ. ಕೆಲವು ಉಪನ್ಯಾಸಕರು ತಾವಾಗಿಯೇ ಮಾಡುತ್ತಾರೆ. ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಇರುವುದಿಲ್ಲ. ಇನ್ನು ಹುದ್ದೆ ಖಾಲಿ ಇರುವ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಆ ಮೂರು ವಾರ ಎಂದೋ ಕಳೆದಿರುತ್ತದೆ.

ಲ್ಯಾಬ್ ವಿಷಯಕ್ಕೆ ಬರೋಣ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಚಟುವಟಿಕೆಯೇ ಮೆಗ್ನೀಸಿಯಂ ಪಟ್ಟಿಯನ್ನು ಸುಡುವುದು. ಕಣ್ಣು ಕುಕ್ಕುವ ಬಿಳಿ ಬೆಳಕು, ಆಮೇಲೆ ಬಿಳಿ ಬೂದಿ. ನೀವು ಯಾವುದಾದರೂ ಹತ್ತು ಮಕ್ಕಳನ್ನು ಕರೆದು ಕೇಳಿ, ಅದನ್ನು ಕಣ್ಣಾರೆ ನೋಡಿದವರು ಎಷ್ಟು ಜನ ಅಂತ. ಸಮೀಕರಣ ಬರೆಯಲು ಹತ್ತೂ ಜನಕ್ಕೆ ಬರುತ್ತದೆ.

ಪಿಯುನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಿಗೆ ತಲಾ 70 ಅಂಕ ಲಿಖಿತ, 30 ಪ್ರಾಯೋಗಿಕ. ಬ್ಯೂರೆಟ್‌ನಿಂದ ಪರ್ಮಾಂಗನೇಟ್ ತೊಟ್ಟು ತೊಟ್ಟಾಗಿ ಬಿಸಿ ಆಕ್ಸಾಲಿಕ್ ಆಮ್ಲಕ್ಕೆ ಬೀಳುತ್ತದೆ. ಒಂದು ತೊಟ್ಟು ಜಾಸ್ತಿ ಬಿದ್ದ ಕೂಡಲೇ ತಿಳಿ ಗುಲಾಬಿ ಬಣ್ಣ ನಿಲ್ಲುತ್ತದೆ. ಆ ಒಂದು ತೊಟ್ಟಿಗೆ ಕಾಯುವ ತಾಳ್ಮೆಯನ್ನು ಯಾವ ಯೂಟ್ಯೂಬ್ ವಿಡಿಯೊ ಕಲಿಸುವುದಿಲ್ಲ. ಲವಣ ವಿಶ್ಲೇಷಣೆ ಅಂತೂ ಪತ್ತೇದಾರಿ ಕೆಲಸ. ಕೊಟ್ಟ ಬಿಳಿ ಪುಡಿ ಯಾವುದು ಅಂತ ವಾಸನೆಯಿಂದ, ಬಣ್ಣದಿಂದ, ಕಂದು ಉಂಗುರದಿಂದ ಕಂಡುಹಿಡಿಯಬೇಕು. ಈರುಳ್ಳಿ ಬೇರಿನ ತುದಿ ಹಿಸುಕಿ ಸ್ಲೈಡ್ ಮಾಡಿ, ಕೋಶ ಎರಡಾಗುವುದನ್ನು ನೋಡಬೇಕು. ಹುಡುಗಿಗೆ ವಿಜ್ಞಾನ ಇಷ್ಟವೋ ಇಲ್ಲವೋ ಅಂತ ಗೊತ್ತಾಗುವುದು ಇಂಥ ಹೊತ್ತಿನಲ್ಲೇ.

ಎಷ್ಟೋ ಕಡೆ ಇದು ನಡೆಯುವ ರೀತಿಯೇ ಬೇರೆ. ವರ್ಷವಿಡೀ ರೆಕಾರ್ಡ್ ಪುಸ್ತಕ ನಕಲು ಮಾಡುತ್ತಾರೆ. ಜನವರಿಯಲ್ಲಿ ಒಂದು ವಾರ ಲ್ಯಾಬಿಗೆ ಬಿಡುತ್ತಾರೆ. ಮೀಟರ್ ಬ್ರಿಡ್ಜ್‌ನಲ್ಲಿ ಗ್ಯಾಲ್ವನೋಮೀಟರ್ ಮುಳ್ಳು ಎಲ್ಲಿ ಸೊನ್ನೆಗೆ ಬರುತ್ತದೆ ಅಂತ ಹುಡುಕುವ ಬದಲು, ಸೀನಿಯರ್ ಬರೆದಿಟ್ಟ ರೀಡಿಂಗ್ ನೋಡಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ 30ಕ್ಕೆ 29, 30. ಯಾರಿಗೂ ಬೇಜಾರಿಲ್ಲ. 2024ರ ದ್ವಿತೀಯ ಪಿಯು ಮೊದಲ ಪರೀಕ್ಷೆಯಲ್ಲಿ ಸೈನ್ಸ್ ಫಲಿತಾಂಶ ಸುಮಾರು ಶೇ. 90, ಆರ್ಟ್ಸ್ ಸುಮಾರು ಶೇ. 68. ಇದನ್ನು ನೋಡಿ ಸೈನ್ಸ್ ಸುಲಭ ಆಗಿದೆ ಅನ್ನುವವರಿದ್ದಾರೆ. ಹಾಗಲ್ಲ. ಹತ್ತರಲ್ಲಿ ಜಾಸ್ತಿ ಅಂಕ ಬಂದವರನ್ನು ಸೋಸಿ ಸೈನ್ಸಿಗೆ ಕಳಿಸಿರುತ್ತೇವೆ, ಅದು ಒಂದು. ಕೈಯಲ್ಲಿ ಮೊದಲೇ 30 ಅಂಕ ಇಟ್ಟುಕೊಂಡು ಬರೆಯಲು ಕೂರುವುದು, ಅದು ಎರಡು.

ಲ್ಯಾಬ್ ಹೀಗೆ ಸೊರಗಲು ಬಡತನವೊಂದೇ ಕಾರಣ ಅಂತ ನಾನು ಒಪ್ಪುವುದಿಲ್ಲ. ಲಕ್ಷ ಲಕ್ಷ ಫೀಸು ತಗೊಳ್ಳುವ, ಹಾಸ್ಟೆಲ್ ಇರುವ ಕಾಲೇಜುಗಳಲ್ಲೂ ಲ್ಯಾಬಿಗೆ ಸಿಗುವ ಹೊತ್ತು ಕಡಿಮೆಯೇ. ಅಲ್ಲಿ ಲ್ಯಾಬನ್ನು ತಿಂದದ್ದು ಪ್ರವೇಶ ಪರೀಕ್ಷೆ. ಬೆಳಗ್ಗೆ ಪಿಯು ಪಾಠ, ಮಧ್ಯಾಹ್ನ ನೀಟ್ ಪಾಠ, ಸಂಜೆ ಟೆಸ್ಟ್. ಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ ತೂಕ ಅರ್ಧ, ಸಿಇಟಿಯ ತೂಕ ಅರ್ಧ. ಕರ್ನಾಟಕ ಈ ಅರ್ಧವನ್ನಾದರೂ ಉಳಿಸಿಕೊಂಡಿದೆ ಅನ್ನುವುದು ಸಮಾಧಾನ. ನೀಟ್‌ನಲ್ಲಿ ಪಿಯು ಅಂಕ ಅರ್ಹತೆಗಷ್ಟೇ. ರ‍್ಯಾಂಕಿಗೆ ಲೆಕ್ಕವಿಲ್ಲ.

ಪಾಠ ಒಂದು, ಪರೀಕ್ಷೆ ಇನ್ನೊಂದು ಆದರೆ ಏನಾಗುತ್ತದೆ ಅಂತ 2024ರ ಏಪ್ರಿಲ್‌ನಲ್ಲಿ ನೋಡಿದೆವು. ಎನ್‌ಸಿಇಆರ್‌ಟಿ ಅದಕ್ಕೆ ಮೊದಲೇ ಪಠ್ಯ ಕಡಿತ ಮಾಡಿತ್ತು. ದ್ವಿತೀಯ ಪಿಯು ರಸಾಯನಶಾಸ್ತ್ರದಲ್ಲಿ ಘನಸ್ಥಿತಿ, ಮೇಲ್ಮೈ ರಸಾಯನ, ಪಿ-ಬ್ಲಾಕ್, ಪಾಲಿಮರ್‌ಗಳು ಹೋದವು. ಭೌತಶಾಸ್ತ್ರದಲ್ಲಿ ಸಂವಹನ ವ್ಯವಸ್ಥೆ ಹೋಯಿತು. ಜೀವಶಾಸ್ತ್ರದಲ್ಲಿ ಪರಿಸರ ಸಮಸ್ಯೆಗಳ ಪಾಠವೇ ಹೋಯಿತು. ಪಿಯುನಲ್ಲೂ ಕಡಿತವಾದ ಪುಸ್ತಕವೇ ಜಾರಿಗೆ ಬಂತು. ಸಿಇಟಿ ಪ್ರಶ್ನೆ ತೆಗೆದವರು ಮಾತ್ರ ಹಳೇ ಪುಸ್ತಕದಿಂದಲೂ ತೆಗೆದರು. ಪರೀಕ್ಷೆ ಮುಗಿಸಿ ಬಂದ ಮಕ್ಕಳು ಅಳುಮುಖ ಮಾಡಿದರು, ಗಲಾಟೆಯಾಯಿತು. ಕೊನೆಗೆ 240 ಪ್ರಶ್ನೆಗಳಲ್ಲಿ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ಪಠ್ಯದ ಹೊರಗಿನ ಪ್ರಶ್ನೆಗೂ ಉತ್ತರ ಬರೆಯಬಲ್ಲವರು ಯಾರು? ಕೋಚಿಂಗ್‌ನಲ್ಲಿ ಹಳೇ ಪಾಠಗಳನ್ನೂ ಓದಿದವರು. ಸರ್ಕಾರ ಕೊಟ್ಟ ಪುಸ್ತಕವನ್ನು ನಂಬಿ ಓದಿದವರಲ್ಲ. ಪ್ರಶ್ನೆಗಳನ್ನು ಕೈಬಿಟ್ಟರೂ, ಆ ಪ್ರಶ್ನೆಗಳ ಮೇಲೆ ಕಳೆದ ನಿಮಿಷಗಳನ್ನು ಯಾರೂ ವಾಪಸ್ ಕೊಡಲಿಲ್ಲ.

ಹತ್ತು ಮತ್ತು ಹನ್ನೊಂದರ ನಡುವಿನ ಈ ಕಂದಕ ಮುಚ್ಚಲು ಒಂದು ಅವಕಾಶ ಈಗ ಬಂದಿದೆ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಅದರ ಶಿಫಾರಸು 2+8+4. ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ. ಅಂದರೆ ಒಂಬತ್ತರಿಂದ ಹನ್ನೆರಡು ಒಂದೇ ಘಟ್ಟ. ಪತ್ರಿಕೆಗಳಲ್ಲಿ ದ್ವಿಭಾಷಾ ಸೂತ್ರದ ಬಗ್ಗೆಯೇ ಜಾಸ್ತಿ ಚರ್ಚೆಯಾಯಿತು. ಈ ನಾಲ್ಕರ ಬಗ್ಗೆ ಕಡಿಮೆ. ನನಗೆ ಅದೇ ಮುಖ್ಯ ಅನ್ನಿಸಿತು. ನಾಲ್ಕು ವರ್ಷ ಒಂದೇ ಸೂರಿನಡಿ ಆದರೆ, ಹತ್ತನೇ ತರಗತಿಯವರೂ ಪಿಯು ಲ್ಯಾಬ್ ಬಳಸಬಹುದು. ಭೌತಶಾಸ್ತ್ರದ ಉಪನ್ಯಾಸಕರು ವಾರಕ್ಕೆರಡು ಪೀರಿಯಡ್ ಒಂಬತ್ತನೇ ತರಗತಿಗೆ ಹೋಗಬಹುದು. ಡಿರೈವೇಟಿವ್ ಯಾವಾಗ ಹೇಳಿಕೊಡಬೇಕು ಅಂತ ಗಣಿತದವರೂ ಭೌತಶಾಸ್ತ್ರದವರೂ ಒಂದೇ ಮೇಜಿನಲ್ಲಿ ಕೂತು ಮಾತಾಡಬಹುದು.

ಕಾಗದದ ಮೇಲೆ. ನೆಲದ ಮೇಲೆ ಏನಿದೆ? ಎಸ್‌ಎಸ್‌ಎಲ್‌ಸಿ, ಪಿಯು ಪರೀಕ್ಷೆಗಳನ್ನು ಈಗಾಗಲೇ ಒಂದೇ ಮಂಡಳಿ ನಡೆಸುತ್ತಿದೆ. ಎಷ್ಟೋ ಊರುಗಳಲ್ಲಿ ಪದವಿಪೂರ್ವ ಕಾಲೇಜು ಮತ್ತು ಅದರ ಪ್ರೌಢಶಾಲಾ ವಿಭಾಗ ಒಂದೇ ಕಾಂಪೌಂಡಿನಲ್ಲಿವೆ. ಒಂದು ಕಡೆ ಪ್ರಾಂಶುಪಾಲರು, ಇನ್ನೊಂದು ಕಡೆ ಉಪಪ್ರಾಂಶುಪಾಲರು. ಗಂಟೆ ಒಂದೇ ಕೇಳಿಸುತ್ತದೆ. ಆದರೂ ಆ ಕಡೆಯ ಲ್ಯಾಬಿನ ಬೀಗದ ಕೈ ಈ ಕಡೆಗೆ ಬರುವುದಿಲ್ಲ. ಹುದ್ದೆ ಬೇರೆ, ವೇತನ ಶ್ರೇಣಿ ಬೇರೆ, ಬಡ್ತಿಯ ಜಗಳ ಬೇರೆ. 2+8+4 ಅನ್ನುವುದು ನಿಂತರೂ ಬಿದ್ದರೂ ಇಂಥ ಬೀಗದ ಕೈಗಳ ಹತ್ತಿರವೇ.

ಅಕ್ಕನಿಗೆ ನಾನು ಇಷ್ಟನ್ನೆಲ್ಲ ಹೇಳಲಿಲ್ಲ. ಹೇಳಿದರೆ ಫೋನ್ ಇಡುತ್ತಿದ್ದಳು. "ಕಾಲೇಜಿಗೆ ಹೋದಾಗ ಫೀಸು ಕೇಳೋಕೆ ಮುಂಚೆ ಮೂರು ವಿಷಯ ಕೇಳು" ಅಂದೆ. ಭೌತಶಾಸ್ತ್ರಕ್ಕೆ, ಗಣಿತಕ್ಕೆ ಈಗ ಮೇಷ್ಟ್ರಿದ್ದಾರಾ, ಇನ್ನೂ ಬರಬೇಕಾ. ಲ್ಯಾಬ್ ವಾರಕ್ಕೆ ಎಷ್ಟು ದಿನ, ಅದನ್ನು ವೇಳಾಪಟ್ಟಿಯಲ್ಲಿ ತೋರಿಸ್ತೀರಾ. ಕನ್ನಡ ಮಾಧ್ಯಮದಿಂದ ಬಂದವರಿಗೆ ಜೂನ್‌ನಲ್ಲಿ ಏನು ಮಾಡ್ತೀರಿ.

"ಹಾಗೆಲ್ಲ ಕೇಳಿದ್ರೆ ಸೀಟು ಕೊಡ್ತಾರೇನೋ?"

"ಕೇಳಿ ನೋಡು. ಮತ್ತೆ ಅವಳನ್ನೂ ಕರ್ಕೊಂಡು ಹೋಗು."

ವಾರ ಬಿಟ್ಟು ಅವಳದ್ದೇ ಫೋನ್ ಬಂತು, ಹುಡುಗಿಯದ್ದು. ಪಕ್ಕದ ಬೀದಿಯ ಕಾಲೇಜಿನಲ್ಲಿ ಲ್ಯಾಬ್ ತೋರಿಸಿ ಅಂದಿದ್ದಕ್ಕೆ ಬೀಗ ತೆಗೆಯುವವರು ರಜೆಯಲ್ಲಿದ್ದಾರೆ ಅಂದರಂತೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ ತಾವೇ ಒಳಗೆ ಕರೆದುಕೊಂಡು ಹೋಗಿ ಬ್ಯೂರೆಟ್‌ಗಳನ್ನು ತೋರಿಸಿದರಂತೆ. ಎರಡು ಒಡೆದಿವೆ, ಉಳಿದವು ಚೆನ್ನಾಗಿವೆ ಅಂದರಂತೆ. ಅಲ್ಲಿ ಪಿಸಿಎಂಬಿ ಮಾತ್ರ ಇದೆ, ಪಿಸಿಎಂಸಿ ಇಲ್ಲ.

"ದೂರ ಆಗಲ್ವಾ?" ಅಂದೆ.

"ಬಸ್ ಫ್ರೀ ಅಲ್ವಾ ಮಾವ" ಅಂದಳು. "ಏಳೂವರೆ ಗಾಡಿ ತಪ್ಪಿಸ್ಕೊಬಾರ್ದು ಅಷ್ಟೆ."